ಒಲೆಗೆ ಹತ್ತು ಗಾಡಿ

ಒಂದು ಎಂದು ಬರೆಯಬೇಕೋ, ಎರಡು ಎಂದೋ? ನೋಡಿದವನು ತಾನು, ಬರೆಯುವವನು ತಾನು, ಮನೆಯೂ ತನ್ನದೇ. ಇದರಲ್ಲಿ ಯೋಚಿಸುವಂಥದ್ದು ಏನಿದೆ? ಒಂದೇ ಇರುವುದನ್ನು ಒಂದು ಎಂದು ಬರೆದರೆ ಮುಗಿಯಿತು. ಆದರೆ ಊರೆಲ್ಲ ಎರಡು, ಮೂರು ಎಂದು ಬರೆಸಿರುವಾಗ ತಾನೊಬ್ಬ ಒಂದು ಎಂದು ಬರೆದರೆ ಕೆರೆಗೆ ಏನು ಲಾಭ? ಲಾಭವಿಲ್ಲದಿದ್ದರೆ ನಿಜ ಬರೆಯಬಾರದು ಎಂದು ಎಲ್ಲಿದೆ?

ಗುರುಬಸವರಾಜ ತನ್ನ ಮನೆಯ ಪಡಸಾಲೆಯಲ್ಲಿ ಊರ ಒಲೆಗಳ ಪಟ್ಟಿ ಹಿಡಿದು ನಿಂತಿದ್ದ. ಬೆಳಿಗ್ಗೆ ಅವನು ಹೊರಗೆ ಹೋಗುವಾಗ ಇರದಿದ್ದ ಒಂದು ಗ್ಯಾಸ್ ಒಲೆ ಈಗ ಎದುರಿಗೆ ಸ್ಟೂಲಿನ ಮೇಲೆ ಕೂತಿತ್ತು. ಅದರ ಮೇಲೊಂದು ಖಾಲಿ ಪಾತ್ರೆ. ಒಳಗೆ ಏನೋ ಬೇಯುತ್ತಿದೆ ಎನ್ನುವ ಹಾಗೆ ಪಾತ್ರೆಗೆ ತಟ್ಟೆ ಬೇರೆ ಮುಚ್ಚಿದ್ದರು.

"ಬರ್ಕೊಳೋ," ಎಂದ ಅಣ್ಣ ಮರುಳಸಿದ್ದಪ್ಪ. "ನಿಂದೊಂದು, ನಂದೊಂದು. ಎರಡು."

"ಇದಕ್ಕೆ ಸಿಲಿಂಡರ್ ಎಲ್ಲಣ್ಣ?"

"ಊರಾಗೆ ಯಾರ ಮನೇಲಿ ಸಿಲಿಂಡರ್ ಕೇಳೀಯ ನೀನು? ನಮ್ಮನೇಗೆ ಬಂದು ಕೇಳಾಕೆ ನಾಚಿಕೆ ಆಗಲ್ವಾ?"

ಒಳಗಿನಿಂದ ಅವ್ವ ದ್ಯಾಮಮ್ಮನ ದನಿ ಬಂತು. "ನಾನಿನ್ನೂ ಸತ್ತಿಲ್ಲ ಕಣ್ರೋ. ಆಗ್ಲೇ ಎರಡು ಒಲೆ ಹೂಡಿದ್ರಾ?"

"ಲೆಕ್ಕಕ್ಕಷ್ಟೇ ಅವ್ವ," ಎಂದ ಮರುಳಸಿದ್ದಪ್ಪ. "ಗೋಡು ಹೊಡ್ದಾದ ಮೇಲೆ ಎತ್ತಿ ಅಟ್ಟಕ್ಕೆ ಹಾಕ್ತೀವಿ."

ಹೊನ್ನೇಕಟ್ಟೆ ಬಸವಾಪಟ್ಟಣದಿಂದ ನಾಲ್ಕು ಮೈಲಿ ಒಳಗಿರುವ ಊರು. ಊರ ಕೆರೆ ದೊಡ್ಡದೇನಲ್ಲ. ಏರಿಯ ಈ ತುದಿಯಿಂದ ಕೂಗಿದರೆ ಆ ತುದಿಗೆ ಕೇಳುತ್ತದೆ. ಮಳೆ ಕೈಕೊಟ್ಟು ಕೆರೆ ಬತ್ತಿದ ಬೇಸಿಗೆಯಲ್ಲಿ ಅದರ ತಳದ ಕಪ್ಪು ಗೋಡುಮಣ್ಣನ್ನು ಹೊಲಕ್ಕೂ ತೋಟಕ್ಕೂ ಹೊಡೆದುಕೊಳ್ಳುವುದು ಹಿಂದಿನಿಂದ ಬಂದ ರೂಢಿ. ಒಮ್ಮೆ ಗೋಡು ಬಿದ್ದ ನೆಲ ಮೂರು ವರ್ಷ ಬೇರೆ ಗೊಬ್ಬರ ಕೇಳುವುದಿಲ್ಲ. ಯಾರಿಗೆ ಎಷ್ಟು ಎಂಬುದಕ್ಕೆ ಊರಿನಲ್ಲಿ ಒಂದೇ ಮಾತಿನ ಕಟ್ಟಳೆ: ಒಲೆಗೆ ಹತ್ತು ಗಾಡಿ. ತಲೆ ಎಣಿಸುವುದಿಲ್ಲ, ಎಕರೆ ಎಣಿಸುವುದಿಲ್ಲ. ಅಣ್ಣತಮ್ಮಂದಿರು ಒಂದೇ ಒಲೆಯಲ್ಲಿ ಬೇಯಿಸಿ ಉಂಡರೆ ಒಂದು ಪಾಲು. ಬೇರೆ ಒಲೆ ಹೂಡಿದರೆ ಬೇರೆ ಪಾಲು.

ಆ ಕಟ್ಟಳೆ ಮಾಡಿದಾಗ ಊರಿನಲ್ಲಿ ಇದ್ದದ್ದು ಅರವತ್ತೆರಡು ಒಲೆ. ಆಗ ಒಲೆ ಎಂದರೆ ಮಣ್ಣಿನದು, ನೆಲಕ್ಕೆ ಅಂಟಿಕೊಂಡದ್ದು, ಹೆಂಗಸರು ದಿನಾ ಸಾರಿಸುತ್ತಿದ್ದದ್ದು. ಅದನ್ನು ಪಕ್ಕದ ಮನೆಯಿಂದ ಎತ್ತಿಕೊಂಡು ಬರಲು ಯಾರಿಗೂ ಆಗುತ್ತಿರಲಿಲ್ಲ. ಒಲೆ ಬೇರೆಯಾಗುವುದೆಂದರೆ ಮನೆ ಒಡೆಯುವುದು. ಹತ್ತು ಗಾಡಿ ಮಣ್ಣಿಗೋಸ್ಕರ ಯಾರೂ ಮನೆ ಒಡೆದುಕೊಳ್ಳುತ್ತಿರಲಿಲ್ಲ. ಕಟ್ಟಳೆ ಮಾಡಿದವರು ಬುದ್ಧಿವಂತರೇ. ಮುಂದೊಂದು ದಿನ ಒಲೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಓಡಾಡಬಹುದು ಎಂಬುದೊಂದೇ ಅವರಿಗೆ ಹೊಳೆದಿರಲಿಲ್ಲ.

ಎಣಿಸುವ ಕೆಲಸವನ್ನು ಗುರುಬಸವರಾಜನಿಗೆ ಕೊಟ್ಟವರು ಕೆರೆ ಕಮಿಟಿಯ ಅಧ್ಯಕ್ಷ ಷಣ್ಮುಖಪ್ಪ. "ಊರಾಗೆ ಎಂ.ಎ. ಓದಿದವನು ನೀನೊಬ್ಬನೇ. ಅದರಾಗೆ ಅರ್ಥಶಾಸ್ತ್ರ ಬೇರೆ. ಕಾಲೇಜಿನೋರು ನಿನ್ನ ಕಾಯಂ ಮಾಡಿದ್ರೋ ಬಿಟ್ರೋ, ನಾವಂತೂ ಮಾಡೀವಿ ನೋಡಪ್ಪ," ಎಂದು ನಕ್ಕಿದ್ದರು. ಹೊನ್ನಾಳಿಯ ಕಾಲೇಜೊಂದರಲ್ಲಿ ಒಂಬತ್ತು ವರ್ಷದಿಂದ ಅತಿಥಿ ಉಪನ್ಯಾಸಕನಾಗಿಯೇ ಉಳಿದಿದ್ದ ಗುರುಬಸವರಾಜ ಅದಕ್ಕೂ ನಕ್ಕಿದ್ದ. ಷಣ್ಮುಖಪ್ಪ ಇನ್ನೊಂದು ಮಾತು ಸೇರಿಸಿದ್ದರು: "ಎಣಿಸಿದವನ ಮಾತೇ ಕೊನೆ. ನೀನು ಇಲ್ಲ ಅಂದ ಒಲೆಗೆ ಗಾಡಿ ಇಲ್ಲ. ಯಾರು ಕುಣಿದ್ರೂ ಅಷ್ಟೇ."

ಎಣಿಕೆಗೆ ಹೊರಡುವ ಮೊದಲು ತೂಬು ಕಾಯುವ ನೀರುಗಂಟಿ ಗಾದ್ರಪ್ಪ ಅವನನ್ನು ಒಣಗಿದ ಕೆರೆಯಂಗಳಕ್ಕೆ ಕರೆದುಕೊಂಡು ಹೋಗಿದ್ದ. ಎಪ್ಪತ್ತು ದಾಟಿದ ಮುದುಕ. ಕಬ್ಬಿಣದ ಹಾರೆಯನ್ನು ನೆಲಕ್ಕೆ ಊರಿ, ಎರಡೂ ಕೈಯಿಂದ ಅದುಮಿದ. ಬೆಣ್ಣೆಯೊಳಗೆ ಹೋದ ಹಾಗೆ ಹಾರೆ ಹೋಯಿತು. ಹೋಗಿ ಹೋಗಿ ಒಂದು ಕಡೆ ಕರ್ರ್ ಎಂದು ನಿಂತಿತು.

"ಕೇಳ್ತಾ? ಅದು ಗರಸು. ಮ್ಯಾಲೆ ಗೋಡು, ಅದರ ಕೆಳಗೆ ಜೇಡಿ, ಜೇಡಿ ಕೆಳಗೆ ಗರಸು. ನೀರು ನಿಲ್ಸೋದು ಕೆರೆ ಅಲ್ಲ, ಜೇಡಿ. ಅದನ್ನ ಹರಿದ್ರೆ ಏರಿ ಎಷ್ಟು ಗಟ್ಟಿ ಇದ್ರೂ ಇದು ಜರಡಿ ಆಗ್ತೈತೆ."

"ಎಷ್ಟು ತೆಗೀಬಹುದು ಗಾದ್ರಪ್ಪ?"

"ಈಗಿನ ಟ್ರ್ಯಾಕ್ಟರ್ ಲೆಕ್ಕದಾಗೇ ಹೇಳ್ತೀನಿ. ಇನ್ನೂರು ಒಲೆಗೆ ಹತ್ತತ್ತು ಗಾಡಿ ತಡೀತೈತೆ. ಅದರ ಮ್ಯಾಲೆ ಆದ್ರೆ ನನ್ನ ಕೇಳಬ್ಯಾಡಪ್ಪ."

ಅಲ್ಲಿಂದ ಮೂರು ದಿನ ಗುರುಬಸವರಾಜ ಅಡುಗೆಮನೆಗಳಲ್ಲಿ ಇಣುಕಿದ. ಮೊದಲ ದಿನವೇ ಒಂದು ಮನೆಯಲ್ಲಿ ಸ್ಟೀಲಿನ ಒಲೆಯ ಅಂಚಿನಲ್ಲಿ 'ಅಂಬಿಕಾ' ಎಂದು ಹೆಸರು ಕೊರೆದಿದ್ದು ಕಣ್ಣಿಗೆ ಬಿತ್ತು. ಮದುವೆಯಲ್ಲಿ ಯಾರೋ ಉಡುಗೊರೆ ಕೊಟ್ಟದ್ದು. ನಾಲ್ಕು ಮನೆ ಆಚೆ ಇನ್ನೊಂದು ಪಡಸಾಲೆಯಲ್ಲೂ ಅಂಬಿಕಾ. ಬೀದಿಯ ಕೊನೆಯಲ್ಲಿ ಮತ್ತೆ ಅಂಬಿಕಾ. ಹಿತ್ತಿಲ ಗೋಡೆಗಳ ಮೇಲಿಂದ ಒಲೆ ಅವನಿಗಿಂತ ಬೇಗ ನಡೆಯುತ್ತಿತ್ತು.

"ಇದ್ಯಾರ ಹೆಸ್ರು ಚಿಕ್ಕಮ್ಮ?"

"ನಮ್ಮ ತಂಗೀದು ಕಣಪ್ಪ."

"ನಿಮ್ಮ ತಂಗಿ ಹೆಸ್ರು ಉಷಾರಾಣಿ ಅಲ್ಲೇನ್ರಿ? ನಮ್ಮ ಜೊತೆಗೇ ಓದಿದ್ರು."

"ಅದು ಇಸ್ಕೂಲ್ನಾಗಿನ ಹೆಸ್ರು," ಎಂದು ಆ ಹೆಂಗಸು ಸೆರಗು ಬಾಯಿಗಿಟ್ಟು ನಕ್ಕಳು. ಅವನಿಗೂ ನಗು ಬಂತು. ಬರೆದುಕೊಂಡ. ಬರೆದುಕೊಂಡು, ಆ ಹೆಸರಿನ ಮುಂದೆ ಪೆನ್ಸಿಲ್ಲಿನಲ್ಲಿ ಒಂದು ಸಣ್ಣ ಚುಕ್ಕೆ ಇಟ್ಟ. ಸುಳ್ಳು ಒಲೆಗೆ ಒಂದು ಚುಕ್ಕೆ. ಮನೆಯವರ ಎದುರಿಗೆ ಇಲ್ಲ ಎನ್ನುವ ನಿಷ್ಠುರ ಯಾಕೆ, ಸಭೆಯ ದಿನ ಚುಕ್ಕೆಯವನ್ನೆಲ್ಲ ಒಟ್ಟಿಗೆ ಹೊಡೆದುಹಾಕಿದರಾಯಿತು ಎಂದುಕೊಂಡಿದ್ದ. ಮೂರನೆಯ ದಿನ ಮಧ್ಯಾಹ್ನದ ಹೊತ್ತಿಗೆ ನಿಜವಾದ ಒಲೆಗಳು ನೂರ ತೊಂಬತ್ತೇಳು, ಚುಕ್ಕೆಯವು ಅರವತ್ತೈದು. ಉಳಿದದ್ದು ತನ್ನ ಮನೆ ಒಂದೇ.

ಕೆರೆ ಏರಿಯ ಕೆಳಗಿನ ಕೇರಿಗೆ ಅವನು ಹೋಗಿರಲಿಲ್ಲ. ಕೇರಿಯ ಒಲೆಗಳನ್ನು ಎಣಿಸುವ ಪದ್ಧತಿಯೇ ಇರಲಿಲ್ಲ. ಕಟ್ಟಳೆ ಮಾಡಿದ ಕಾಲಕ್ಕೆ ಅಲ್ಲಿ ಯಾರಿಗೂ ನೆಲವಿರಲಿಲ್ಲ. ಗೋಡು ತಗೊಂಡು ಎಲ್ಲಿಗೆ ಹಾಕುತ್ತಾರೆ ಎಂದು ಬಿಟ್ಟಿದ್ದರು. ಈಗ ಕೆಲವರಿಗೆ ಎಕರೆ, ಅರ್ಧ ಎಕರೆ ಇತ್ತು. ಆದರೂ ಬಿಟ್ಟದ್ದು ಬಿಟ್ಟ ಹಾಗೇ ಇತ್ತು. ಕೇರಿಗೆ ಕೆರೆಯಿಂದ ಸಿಗುತ್ತಿದ್ದದ್ದು ಒಂದೇ, ಬಾವಿಯ ನೀರು. ಕೆರೆಯಲ್ಲಿ ನೀರಿದ್ದಷ್ಟು ದಿನ ಅದು ಸಣ್ಣಗೆ ಬಸಿದು ಆ ಬಾವಿಗೆ ಬರುತ್ತಿತ್ತು. ಕೆರೆ ಬತ್ತಿದ ವರ್ಷವೂ ತಳದ ಹಸಿ ಬೇಸಿಗೆಯ ಕೊನೆಯತನಕ ಬಾವಿಯನ್ನು ಕಾಯುತ್ತಿತ್ತು. ಪಂಚಾಯಿತಿಯ ನಲ್ಲಿ ವಾರಕ್ಕೆರಡು ಸಲ ಬಂದರೆ ಬಂತು. ಕೇರಿಯ ಮೂವತ್ತು ಮನೆಗಳ ಬದುಕು ಬಾವಿಯದ್ದೇ.

ಅಲ್ಲಿ ಕೆಂಚೇಶನ ಮನೆ. ಗುರುಬಸವರಾಜ ಮತ್ತು ಕೆಂಚೇಶ ಮೂರು ವರ್ಷ ಒಂದೇ ಬಸ್ಸಿನಲ್ಲಿ, ಒಂದೇ ಸೀಟಿನಲ್ಲಿ ಚನ್ನಗಿರಿಗೆ ಹೋಗಿ ಬಿ.ಎ. ಮುಗಿಸಿದವರು. ಕೆಂಚೇಶನಿಗೆ ಬರದ ಸೀಮೆಯಾದ ಜಗಳೂರು ತಾಲ್ಲೂಕಿನಲ್ಲಿ ಮೇಷ್ಟ್ರ ಕೆಲಸ ಸಿಕ್ಕಿತ್ತು. ತಾಯಿ ಭೀಮಕ್ಕ ಮಾತ್ರ ಊರು ಬಿಟ್ಟು ಕದಲಿರಲಿಲ್ಲ. ಬೇಸಿಗೆ ರಜೆಗೆ ಬಂದಿದ್ದ ಕೆಂಚೇಶ ಹಿಂದಿನ ದಿನ ಸೊಸೈಟಿಯ ಹತ್ತಿರ ಸಿಕ್ಕಿ ಹೇಳಿದ್ದ: "ನಮ್ಮ ಒಲೆ ಎಣಿಸಬ್ಯಾಡ ಬಿಡು ಗುರು, ಆ ಜಗಳ ಇನ್ನೊಂದು ದಿನ ಆಡಾಣ. ಆದ್ರೆ ಇರೋದನ್ನ ಇದ್ದಷ್ಟೇ ಎಣಿಸು. ಜಗಳೂರ್ನಾಗೆ ನಾನು ನೋಡೀನಿ ಕಣೋ. ಮಕ್ಳು ಇಸ್ಕೂಲಿಗೆ ಪುಸ್ತಕಕ್ಕಿಂತ ಮೊದ್ಲು ನೀರಿನ ಬಾಟ್ಲಿ ತರ್ತಾವೆ."

"ನನ್ನ ಮೇಲೆ ಬಿಡು," ಎಂದಿದ್ದ ಗುರುಬಸವರಾಜ.

ಈಗ ಪಡಸಾಲೆಯಲ್ಲಿ ನಿಂತವನಿಗೆ ಆ ಮಾತೇ ನೆನಪಾಗುತ್ತಿತ್ತು. ಮರುಳಸಿದ್ದಪ್ಪ ಹತ್ತಿರ ಬಂದು ದನಿ ಇಳಿಸಿದ.

"ನೋಡು ತಮ್ಮಾ, ನಾನು ಸುಳ್ಳು ಹೇಳು ಅಂತ ಹೇಳ್ತಿಲ್ಲ. ನಾಳೆ ನಂಗೂ ನಿಂಗೂ ಮಕ್ಳು ದೊಡ್ಡೋರಾಗ್ತಾವೆ. ಇವತ್ತಲ್ಲ ನಾಳೆ ಒಲೆ ಎರಡಾಗೋದೇ. ಅಷ್ಟೊತ್ತಿಗೆ ಕೆರೆಯಾಗೆ ಗೋಡು ಉಳಿದಿರ್ತೈತಾ? ಊರೋರೆಲ್ಲಾ ತುಂಬ್ಕೊಂಡು ಹೋಗಿರ್ತಾರೆ. ನಮ್ಮ ಹತ್ತು ಗಾಡಿಯಿಂದ ಕೆರೆ ತಳ ಕಾಣ್ತೈತಾ? ನೀನೇ ಹೇಳು, ಓದಿದವನು."

ಓದಿದವನಿಗೆ ಈ ಮಾತು ಹೊಸದಾಗಿರಲಿಲ್ಲ. ಪ್ರತಿ ವರ್ಷ ಜನಸಂಖ್ಯೆಯ ಪಾಠದ ಜೊತೆಗೆ ಅವನು ಇದನ್ನೇ ಬೋರ್ಡಿನ ಮೇಲೆ ಬರೆದು ತೋರಿಸುತ್ತಿದ್ದ. ಊರಿಗೆಲ್ಲ ಒಂದು ಗೋಮಾಳ. ಒಬ್ಬ ಒಂದು ದನ ಹೆಚ್ಚಿಗೆ ಬಿಡುತ್ತಾನೆ. ಹಾಲು ಪೂರ್ತಿ ಅವನಿಗೆ. ಹುಲ್ಲಿನ ನಷ್ಟ ಮಾತ್ರ ಎಲ್ಲರಿಗೂ ಹಂಚಿಹೋಗುತ್ತದೆ. ಆದ್ದರಿಂದ ಎಲ್ಲರೂ ಬಿಡುತ್ತಾರೆ. ಅಣ್ಣ ಕಾಲೇಜಿಗೆ ಹೋಗದೆಯೇ ಪಾಠ ಒಪ್ಪಿಸಿದ್ದ. ಅದಕ್ಕೆ ಕೊಡಬೇಕಾದ ಉತ್ತರ ಮಾತ್ರ ಗುರುಬಸವರಾಜನ ಪಠ್ಯದಲ್ಲೂ ಇರಲಿಲ್ಲ.

ಅವನು ಎರಡು ಎಂದು ಬರೆದ.

ಬರೆದ ಮೇಲೆ ಇನ್ನೊಂದು ತೊಡಕು ಕಂಡಿತು. ತನ್ನ ಮನೆಯ ಮುಂದೆಯೂ ಚುಕ್ಕೆ ಇಡಬೇಕಲ್ಲ? ಇಡದಿದ್ದರೆ ಉಳಿದ ಅರವತ್ತೈದಕ್ಕೆ ಯಾವ ಮುಖದಲ್ಲಿ ಇಟ್ಟದ್ದು? ನಾಳೆ ಸಭೆಯಲ್ಲಿ ಒಬ್ಬನ ಒಲೆ ಹೊಡೆದರೂ ಅವನು ಎದ್ದು ನಿಂತು, ನಿಮ್ಮ ಪಡಸಾಲೆಯ ಒಲೆಗೆ ಸಿಲಿಂಡರ್ ಇತ್ತೇನ್ರಿ ಎಂದು ಕೇಳುತ್ತಾನೆ. ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಗುರುಬಸವರಾಜ ಹಿತ್ತಿಲಲ್ಲಿ ಕೂತು, ಮಗಳ ರಬ್ಬರ್ ಇಸಕೊಂಡು ಚುಕ್ಕೆಗಳನ್ನು ಒಂದೊಂದಾಗಿ ಅಳಿಸಿದ. ಕಾಗದ ಅಲ್ಲಲ್ಲಿ ಮಸುಕಾಯಿತು, ಅಷ್ಟೇ.

ಸಭೆ ಮರುದಿನ ಬೆಳಿಗ್ಗೆ ಸೊಸೈಟಿಯ ಮುಂದಿನ ಕಟ್ಟೆಯ ಮೇಲೆ. ಷಣ್ಮುಖಪ್ಪ ಒಟ್ಟು ಓದಿದರು: ಇನ್ನೂರ ಅರವತ್ತನಾಲ್ಕು. ಗಾದ್ರಪ್ಪ ಹಾರೆ ಊರಿಕೊಂಡು ಎದ್ದ.

"ಇನ್ನೂರಕ್ಕೆ ಮ್ಯಾಲೆ ಕೆರೆ ತಡೆಯಲ್ಲ. ಹೇಳೋದು ಹೇಳೀನಿ."

"ನೀನು ಹೇಳೋಕೆ ಶುರು ಮಾಡಿದಾಗಿಂದ ಕೆರೆ ಸಾಯ್ತಾನೇ ಐತೆ ಗಾದ್ರಪ್ಪ, ಇನ್ನೂ ಸತ್ತಿಲ್ಲ," ಎಂದರು ಯಾರೋ. ಜನ ನಕ್ಕರು.

ಕಟ್ಟೆಯ ಕೆಳಗೆ ನಿಂತಿದ್ದ ಕೆಂಚೇಶ ಒಂದು ಹೆಜ್ಜೆ ಮುಂದೆ ಬಂದ. "ನಂದೊಂದು ಮಾತು. ಹೋದ ಸಲ ನೂರ ಎಂಬತ್ತು ಇದ್ದಿದ್ದು ಆರು ವರ್ಷದಾಗೆ ಇನ್ನೂರ ಅರವತ್ತನಾಲ್ಕು ಹೆಂಗಾಯ್ತು?"

"ಮದುವೆ ಆಗ್ತಾವೆ ಮೇಷ್ಟ್ರೇ, ಮಕ್ಳು ಹುಟ್ತಾವೆ. ನಿಮ್ಮ ಇಸ್ಕೂಲಿಗೆ ಬರೋವು ಎಲ್ಲಿಂದ ಬರ್ತಾವೆ ಅಂದ್ಕೊಂಡ್ರಿ?"

ಮತ್ತೆ ನಗು. ಇನ್ನೊಬ್ಬರು ಹಿಂದಿನಿಂದ ಸೇರಿಸಿದರು: "ನಿಮ್ಮ ಒಲೆ ಲೆಕ್ಕಕ್ಕೇ ಇಲ್ಲ, ನೀವ್ಯಾಕೆ ಉರೀತೀರಿ?"

ಕೆಂಚೇಶ ಅತ್ತ ತಿರುಗಲಿಲ್ಲ. ಗುರುಬಸವರಾಜನನ್ನೇ ನೋಡಿದ. "ಗುರು, ಮನೆಮನೆಗೆ ಹೋಗಿ ಕಣ್ಣಾರೆ ನೋಡಿದವನು ನೀನು. ಎಣಿಸಿದವನ ಮಾತೇ ಕೊನೆ ಅಂತಾರೆ. ಎಲ್ಲಾ ಒಲೆನೂ ಉರಿಯೋವೇನಾ?"

ಅರವತ್ತೈದು ಮನೆಯವರು ಅವನ ಬಾಯನ್ನೇ ನೋಡುತ್ತಿದ್ದರು. ಅಣ್ಣನೂ ಅವರ ಜೊತೆಗೇ ನೋಡುತ್ತಿದ್ದ. ಇಲ್ಲ ಎಂಬ ಎರಡಕ್ಷರ ನಾಲಿಗೆಯ ತುದಿಯವರೆಗೆ ಬಂದದ್ದು ಗುರುಬಸವರಾಜನಿಗೆ ಈಗಲೂ ನೆನಪಿದೆ.

"ನೋಡಿದ್ದನ್ನೇ ಬರ್ದೀನಿ," ಎಂದ.

ಅದು ಸುಳ್ಳಲ್ಲ. ಆ ಒಲೆಗಳನ್ನು ಅವನು ನೋಡಿದ್ದ. ಕೆಂಚೇಶ "ಹಂಗಾದ್ರೆ ಆಯ್ತು," ಎಂದು ಹಿಂದಕ್ಕೆ ಸರಿದ. ಅವನು ಇನ್ನೊಂದು ಪ್ರಶ್ನೆ ಕೇಳಿದ್ದರೆ ಗುರುಬಸವರಾಜ ಸೋತುಬಿಡುತ್ತಿದ್ದ. ಕೇಳಲಿಲ್ಲ. ಗೆಳೆಯನ ಮಾತಿನ ಮೇಲೆ ಎರಡನೆಯ ಪ್ರಶ್ನೆ ಕೇಳುವ ಅಭ್ಯಾಸ ಅವನಿಗಿರಲಿಲ್ಲ.

ಹದಿನೆಂಟು ದಿನ ಕೆರೆಯಂಗಳದಲ್ಲಿ ಜೆಸಿಬಿ ಕೂಗಿತು. ಮೊದಲೆಲ್ಲ ಸಲಿಕೆಯಿಂದ ಮೇಲುಮೇಲೆ ಕೆರೆದು ತೆಗೆಯುತ್ತಿದ್ದರು. ಈಗ ಗಾಡಿದಾರಿಗೆ ಹತ್ತಿರವಿದ್ದ ಕಡೆಯೇ ಇಳಿದು ಇಳಿದು ತೋಡಿದರು. ಹನ್ನೆರಡನೆಯ ದಿನ ಬಕೆಟ್ಟಿನಲ್ಲಿ ಕಪ್ಪು ಮಣ್ಣಿನ ಬದಲು ಬೂದಿ ಬಣ್ಣದ ಜೇಡಿ ಬಂತು. ಅದೂ ತೋಟಕ್ಕೆ ಒಳ್ಳೆಯದೇ ಎಂದರು. ಹದಿನಾರನೆಯ ದಿನ ಕೆಂಪಗೆ, ಬಿರುಸಾಗಿ, ಕಲ್ಲು ಬೆರೆತ ಗರಸು ಬಂತು. ಗಾದ್ರಪ್ಪ ಜೆಸಿಬಿಯ ಮುಂದೆ ಹೋಗಿ ಕೂತ. ಇಬ್ಬರು ಅವನನ್ನು ರಟ್ಟೆ ಹಿಡಿದು ಎಬ್ಬಿಸಿ, ಮರದ ನೆರಳಿಗೆ ಕರೆತಂದು ಚಹಾ ಕುಡಿಸಿದರು. ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ಪಾಲು ಬಾಕಿ ಇದ್ದವರು ಇನ್ನೂ ಇದ್ದರು. ತಮ್ಮ ಸರದಿಗೆ ಕೆರೆ ಮುಗಿಯಿತು ಎಂದರೆ ಅವರು ತಾನೇ ಏಕೆ ಒಪ್ಪುತ್ತಾರೆ?

ಕಾಲೇಜು ಶುರುವಾಯಿತು. ಗುರುಬಸವರಾಜ ಆ ವರ್ಷವೂ ಗೋಮಾಳದ ಪಾಠ ಮಾಡಿದ. ನ್ಯಾಮತಿ ಕಡೆಯಿಂದ ಬರುವ ರಕ್ಷಾ ಎಂಬ ವಿದ್ಯಾರ್ಥಿನಿ ಎದ್ದು ನಿಂತು ಕೇಳಿದಳು: "ಸರ್, ಹುಲ್ಲು ಮುಗೀತೈತೆ ಅಂತ ದನ ಬಿಟ್ಟೋರಿಗೆ ಗೊತ್ತಿರಲಿಲ್ವಾ?"

ಅವನು ಸೀಮೆಸುಣ್ಣ ಹಿಡಿದು ಬೋರ್ಡಿನ ಕಡೆ ತಿರುಗಿದ. "ಪುಸ್ತಕದಲ್ಲಿ ಅದನ್ನು ಹೇಳಿಲ್ಲ," ಎಂದ.

ಆ ಸಲ ಮಳೆ ಚೆನ್ನಾಗಿಯೇ ಆಯಿತು. ಆಗಸ್ಟಿನಲ್ಲಿ ಕೆರೆ ಕೋಡಿ ಬಿದ್ದಾಗ ಊರವರು ಏರಿಯ ಮೇಲೆ ನಿಂತು ಫೋಟೊ ತೆಗೆದುಕೊಂಡರು. ದಸರೆಗೆ ನೀರು ಅರ್ಧಕ್ಕಿಳಿದಿತ್ತು. ಡಿಸೆಂಬರಿನಲ್ಲಿ ಹೊಂಡದ ತಳದಲ್ಲಿ ಎಮ್ಮೆ ಮಲಗುವಷ್ಟು ಕೆಸರು ಉಳಿದಿತ್ತು. ತೋಟದವರಿಗೆ ಬೋರ್‌ವೆಲ್ ಇತ್ತು. ಇನ್ನಷ್ಟು ಆಳಕ್ಕೆ ಕೊರೆಸಿದರು. ಕೇರಿಯ ಬಾವಿಯಲ್ಲಿ ಸಂಕ್ರಾಂತಿ ಕಳೆದ ಮೇಲೆ ಕೊಡ ಮುಳುಗಲಿಲ್ಲ. ಭೀಮಕ್ಕ ಬೆಳಿಗ್ಗೆ ಎದ್ದು ಖಾಲಿ ಕೊಡಗಳನ್ನು ರಸ್ತೆಯ ಅಂಚಿಗೆ ಸಾಲಾಗಿ ಇಟ್ಟು ಟ್ಯಾಂಕರಿಗೆ ಕಾಯುವುದನ್ನು ಗುರುಬಸವರಾಜ ಬಸ್ಸಿನ ಕಿಟಕಿಯಿಂದ ನೋಡುತ್ತಿದ್ದ. ಕೆಲವು ದಿನ ಸಂಜೆ ವಾಪಸ್ಸು ಬರುವಾಗಲೂ ಕೊಡಗಳು ಅಲ್ಲೇ ಇರುತ್ತಿದ್ದವು. ಆಮೇಲೆ ಅವನು ಆಚೆ ಬದಿಯ ಸೀಟಿನಲ್ಲಿ ಕೂರಲು ಶುರುಮಾಡಿದ.

ಮನೆಯಲ್ಲಿ ಪಡಸಾಲೆಯ ಒಲೆ ಅಟ್ಟಕ್ಕೆ ಹೋಗಲಿಲ್ಲ. ಹೇಗೂ ಇದೆಯಲ್ಲ ಎಂದು ಅತ್ತಿಗೆ ಅದಕ್ಕೊಂದು ಸಿಲಿಂಡರ್ ತರಿಸಿ ಬೆಳಗಿನ ಚಹಾ ಮಾಡಿದಳು. ದೀಪಾವಳಿಯ ಹೊತ್ತಿಗೆ ಅದರ ಮೇಲೆ ಅನ್ನ ಬೇಯುತ್ತಿತ್ತು. ಯಾರೂ ಜಗಳವಾಡಲಿಲ್ಲ. ಅವ್ವ ಎರಡು ತಟ್ಟೆಗಳ ನಡುವೆ ಕೂತು, ಎರಡರಿಂದಲೂ ಒಂದೊಂದು ತುತ್ತು ತೆಗೆದುಕೊಂಡು, ಸಾಕು ಎಂದು ಎದ್ದುಬಿಡುತ್ತಿದ್ದಳು. ಮುಂದಿನ ಸಲ ಯಾರಾದರೂ ಎಣಿಸಲು ಬಂದರೆ ಈ ಮನೆಯಲ್ಲಿ ಅವರಿಗೆ ಸುಳ್ಳು ಬರೆಯುವ ಅಗತ್ಯವಿಲ್ಲ.

ಮಾರ್ಚಿನಲ್ಲಿ ಕೆಂಚೇಶ ತಾಯಿಯನ್ನು ಕರೆದೊಯ್ಯಲು ಬಂದ. ಬಸವಾಪಟ್ಟಣದ ಬಸ್ ನಿಲ್ದಾಣದಲ್ಲಿ ಬೆಳಿಗ್ಗೆ ಹತ್ತರ ಸುಮಾರಿಗೆ ಗುರುಬಸವರಾಜನಿಗೆ ಅವರು ಎದುರಾದರು. ಎರಡು ಚೀಲ, ಒಂದು ಟ್ರಂಕು. ಭೀಮಕ್ಕ ಟ್ರಂಕಿನ ಮೇಲೆ ಕೂತಿದ್ದಳು.

"ಹೊಂಟ್ರಾ ಭೀಮಕ್ಕ?"

"ಹೊಂಟೆ ಕಣಪ್ಪ. ಮೊಣಕಾಲು ಟ್ಯಾಂಕರ್ ಹಿಂದೆ ಓಡಾಕೆ ಒಪ್ಪಲ್ವಂತೆ."

"ನೋಡಿದ್ಯಾ ಗುರು," ಎಂದ ಕೆಂಚೇಶ, ನಗುತ್ತ. "ನೀರಿಗೋಸ್ಕರ ಚನ್ನಗಿರಿ ಸೀಮೆ ಬಿಟ್ಟು ಜಗಳೂರಿಗೆ ಹೋಗ್ತಿರೋ ಮೊದಲನೇ ಹೆಂಗಸು ನಮ್ಮವ್ವ. ಅಲ್ಲಿಯೋರಿಗೆ ಹೇಳಿದ್ರೆ ನಂಬಲ್ಲ ಕಣೋ."

ಗುರುಬಸವರಾಜ ನಗಲು ನೋಡಿದ. ಆಗಲಿಲ್ಲ. "ಕೆಂಚ," ಎಂದ. "ಆವತ್ತು ಸಭೆಯಾಗೆ..."

"ಬಿಡೋ ಅದನ್ನ." ಕೆಂಚೇಶ ಅವನ ಭುಜದ ಮೇಲೆ ಕೈ ಇಟ್ಟ. "ನಿನ್ನ ಮೇಲೆ ನಂಗೇನೂ ಇಲ್ಲ. ಅಂಬಿಕಾ ಒಲೆ ಕಥೆ ಆಮೇಲೆ ಕೇಳ್ದೆ. ಒಂದೇ ಒಲೆನ ಹತ್ತು ಮನೆಯಾಗೆ ತೋರ್ಸಿ ನಿಂಗೆ ಟೋಪಿ ಹಾಕಿದ್ರಂತಲ್ಲ. ನಿಂಗೆ ಹೆಂಗೆ ಗೊತ್ತಾಗ್ಬೇಕು? ನೀನು ಯಾವತ್ತೂ ಅಡುಗೆಮನೆ ಕಂಡವನಲ್ಲ."

"ಅವನನ್ಯಾಕೆ ಕಾಡ್ತೀಯ," ಎಂದಳು ಭೀಮಕ್ಕ. "ಊರಾಗೆ ನಮ್ಮ ಕಷ್ಟ ಸುಖ ಕೇಳೋನು ಅವನೊಬ್ಬ. ಗುರುಬಸಣ್ಣ, ಬಿಡುವು ಮಾಡ್ಕೊಂಡು ಆ ಕಡೆಗೂ ಬಾರಪ್ಪ. ರೊಟ್ಟಿ ಮಾಡಿ ಹಾಕ್ತೀನಿ."

"ಬರ್ತೀನಿ," ಎಂದ.

ದಾವಣಗೆರೆಯ ಬಸ್ಸು ಬಂತು. ಗುರುಬಸವರಾಜ ಟ್ರಂಕಿನ ಒಂದು ಹಿಡಿಕೆ ಹಿಡಿದ, ಕೆಂಚೇಶ ಇನ್ನೊಂದು. ಮೇಲೆ ಹತ್ತಿಸಿ ಇಳಿದ ಮೇಲೂ ಬಸ್ಸು ಐದು ನಿಮಿಷ ಅಲ್ಲೇ ನಿಂತಿತ್ತು. ಕಂಡಕ್ಟರ್ ಚಹಾ ಕುಡಿಯಲು ಹೋಗಿದ್ದ. ಕೆಂಚೇಶ ಕಿಟಕಿಯ ಪಕ್ಕದಲ್ಲೇ ಕೂತಿದ್ದ. ಒಂದು ಮಾತು ಹೇಳಲು ಐದು ನಿಮಿಷ ಧಾರಾಳವಾಗಿ ಸಾಕಿತ್ತು. ಅವರು ಹೊನ್ನಾಳಿಯ ಬಿಸಿಲಿನ ಬಗ್ಗೆ, ಕೆಂಚೇಶನ ಶಾಲೆಯ ಹೊಸ ಕಟ್ಟಡದ ಬಗ್ಗೆ ಮಾತಾಡಿದರು. ಬಸ್ಸು ಹೊರಟಿತು.

ಯಾವ ಒಲೆ ನಿಜ, ಯಾವುದು ಸುಳ್ಳು ಎಂಬುದು ಸಭೆಗೆ ಮುಂಚೆಯೇ ತನಗೆ ಒಂದೊಂದಾಗಿ ಗೊತ್ತಿತ್ತು ಎಂದು ಗುರುಬಸವರಾಜ ಕೆಂಚೇಶನಿಗೆ ಆವತ್ತೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.